ಅಫ್ಘನ್ ಗಡಿಯ ಕೋವಿಗಳ ಲೆಕ್ಕ: ಮಾರ್ಟಿನಿ ಹೆನ್ರಿಯವರೆಗೆ ಬಂದಿದ್ದೇನೆ

ಮೂರು ವಾರದಿಂದ ಸಂಜೆ ಹೊತ್ತು ಇದೇ ಕೆಲಸ. ಅಫ್ಘನ್ ಗಡಿಯ ಯುದ್ಧಗಳಲ್ಲಿ ಬಳಸಿದ ಕೋವಿಗಳು ನಿಜಕ್ಕೂ ಎಷ್ಟು ದೂರಕ್ಕೆ ಕೆಲಸಕ್ಕೆ ಬರುತ್ತಿದ್ದವು ಅಂತ ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಗುಂಡು ಎಲ್ಲಿಯವರೆಗೆ ಹಾರುತ್ತದೆ ಅನ್ನೋದು ಬೇರೆ, ಎದುರು ನಿಂತವನಿಗೆ ತಗಲುತ್ತದಾ ಅನ್ನೋದು ಬೇರೆ. ನನಗೆ ಬೇಕಿರುವುದು ಎರಡನೆಯದು.

ಈ ಹುಚ್ಚು ಹಿಡಿಸಿದ್ದು 1841ರ ಕಾಬೂಲ್, ಬ್ರಿಟಿಷ್ ಪಡೆಯ ಮೇಲೆ ಅಫ್ಘನ್ನರು ತಿರುಗಿಬಿದ್ದ ಕಾಲ. ನವೆಂಬರ್ 23ರಂದು ಬೆಮಾರು ಗುಡ್ಡದ ಮೇಲೆ ಬ್ರಿಟಿಷ್ ಬ್ರಿಗೇಡಿಯರ್ ಶೆಲ್ಟನ್ ತನ್ನ ಸಿಪಾಯಿಗಳನ್ನು ಚೌಕಾಕಾರವಾಗಿ, ಒತ್ತೊತ್ತಾಗಿ ನಿಲ್ಲಿಸಿದ. ಅವರ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಮಸ್ಕೆಟ್. ಅದರ ನಳಿಗೆಯೊಳಗೆ ಸುರುಳಿ ಗೆರೆ ಇಲ್ಲ, ಗುಂಡೂ ಸಡಿಲ. ಬೇಗ ತುಂಬಬಹುದು, ಆದರೆ ಗುಂಡು ನಳಿಗೆಯಲ್ಲಿ ಅತ್ತಿತ್ತ ತಾಗಿಕೊಂಡು ಹೊರಬರುತ್ತದೆ. 100 ಗಜ ದಾಟಿದ ಮೇಲೆ ಒಬ್ಬನಿಗೆ ಗುರಿ ಇಟ್ಟರೆ ಮದ್ದು ದಂಡ. ಅಫ್ಘನ್ನರ ಕೋವಿ ಜೆಜೈಲ್ ತುಂಬಲು ತಡ, ಆದರೆ ನಳಿಗೆ ಉದ್ದ, ಗುಂಡು ಬಿಗಿ. ಕವಲುಕೋಲಿನ ಮೇಲಿಟ್ಟು ದೂರದಿಂದಲೇ ಹೊಡೆದರು. ಆ ಚೌಕದಲ್ಲಿ ನಿಂತವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಜೆಜೈಲನ್ನು ಶೀಟಿಗೆ ಸೇರಿಸಿಲ್ಲ. ಎಲ್ಲವೂ ಕೈಯಲ್ಲಿ ಮಾಡಿದ್ದು, ಒಂದರಂತೆ ಇನ್ನೊಂದಿಲ್ಲ.

ಹಾಗಾಗಿ ಬ್ರಿಟಿಷ್ ಸೈನ್ಯದ 1871ರ ಕೋವಿ ಮಾರ್ಟಿನಿ ಹೆನ್ರಿ ಹಿಡಿದೆ. 31 ಗ್ರಾಂ ಸೀಸದ ಗುಂಡು, ನಳಿಗೆಯ ಬಾಯಿಂದ ಹೊರಬೀಳುವಾಗ ಸೆಕೆಂಡಿಗೆ ಸುಮಾರು 410 ಮೀಟರ್ ವೇಗ. ಮೊದಲ ವಾರ ಗಾಳಿಯ ತಡೆ ಬಿಟ್ಟು ಲೆಕ್ಕ ಮಾಡಿದೆ. 400 ಗಜಕ್ಕೆ ಗುಂಡು ನಾಲ್ಕು ಮೀಟರಿನಷ್ಟು ಇಳಿಯಿತು. ತಡೆ ಸೇರಿಸಿದ ಕೂಡಲೇ ಅದು ಐದೂವರೆ ದಾಟಿತು! 200 ಗಜ ಮುಟ್ಟುವ ಮೊದಲೇ ಗುಂಡಿನ ವೇಗ ಶಬ್ದದ ವೇಗಕ್ಕಿಂತ ಕೆಳಗೆ ಬಂದಿರುತ್ತದೆ. ಒಂದು ವಾರದ ಅಂಕಿ ಪೂರ್ತಿ ಅಳಿಸಿ ಮತ್ತೆ ಬರೆದೆ.

ಎರಡನೇ ವಾರ ಸಿಕ್ಕಿದ್ದೇ ಮುಖ್ಯ ವಿಷಯ. 400 ಗಜದ ಹತ್ತಿರ ಗುಂಡು ಪ್ರತಿ ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಯುತ್ತಿರುತ್ತದೆ. ಮನುಷ್ಯನ ನಡುವಿಗೆ ಗುರಿ ಇಟ್ಟರೆ, ದೂರದ ಅಂದಾಜು 40 ಮೀಟರ್ ಆಚೀಚೆ ಆದರೂ ಎಲ್ಲೋ ಒಂದು ಕಡೆ ತಗಲುತ್ತದೆ. 800 ಗಜಕ್ಕೆ ಹೋದರೆ ಆ ಅವಕಾಶ 16 ಮೀಟರಿಗೆ ಇಳಿಯುತ್ತದೆ. ಬೋಳು ಗುಡ್ಡದಲ್ಲಿ, ಹೊಗೆಯ ನಡುವೆ, ಕಣ್ಣಳತೆಯಲ್ಲೇ 800 ಗಜವನ್ನು ಇಷ್ಟು ಸರಿಯಾಗಿ ಹೇಳೋದು ಯಾರಿಗೆ ಸಾಧ್ಯ ಅಲ್ವಾ? ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಕೋವಿಯ ಗುರಿಪಟ್ಟಿಯಲ್ಲಿ ಸಾವಿರ ಗಜದ ಆಚೆಗೂ ಗುರುತುಗಳಿವೆ. ಅವು ಗುಂಪಿನ ಮೇಲೆ ಎಲ್ಲರೂ ಒಟ್ಟಿಗೆ ಹಾರಿಸಲಿಕ್ಕೆ ಅಂತ ಈಗ ಅರ್ಥವಾಗುತ್ತಿದೆ.

ಈ ವಾರ ಇಳಿಜಾರು ಸೇರಿಸಿದೆ. ಗುಂಡು ಎಷ್ಟು ಇಳಿಯುತ್ತದೆ ಅನ್ನೋದು ಹೆಚ್ಚಾಗಿ ನೆಲಮಟ್ಟದ ದೂರದ ಮೇಲೆ ನಿಂತಿದೆ. 30 ಡಿಗ್ರಿ ಏರಿನಲ್ಲಿ ಕಣ್ಣಿಗೆ 400 ಗಜ ಕಂಡರೂ ನೆಲಮಟ್ಟದ ದೂರ 346 ಗಜ ಮಾತ್ರ. 400ಕ್ಕೆ ಗುರಿ ಹೊಂದಿಸಿದವನ ಗುಂಡು ಮುಕ್ಕಾಲು ಮೀಟರಿಗಿಂತ ಜಾಸ್ತಿ ಮೇಲೆ ಹೋಗುತ್ತದೆ, ಅಂದರೆ ತಲೆಯ ಹತ್ತಿರಕ್ಕೆ. ಮೇಲಿನಿಂದ ಕೆಳಕ್ಕೆ ಹೊಡೆದರೂ ಇದೇ ಕಥೆ. ಬಂಡೆಯ ಹಿಂದೆ ಕೂತವನಿಗಂತೂ ತಗಲುವುದೇ ಇಲ್ಲ.

1897ರಲ್ಲಿ ಬ್ರಿಟಿಷರು ಗಡಿಯ ಪಠಾಣರ ಮೇಲೆ ಹೋದ ತಿರಾಹ್ ದಂಡಯಾತ್ರೆಯ ಕೋವಿಯಾದ ಲೀ ಮೆಟ್‌ಫರ್ಡ್ ಸಾಲನ್ನೂ ಒಮ್ಮೆ ಓಡಿಸಿ ನೋಡಿದೆ. ಗುಂಡು ಸಣ್ಣ, ವೇಗ ಸೆಕೆಂಡಿಗೆ 600 ಮೀಟರ್ ಮೇಲೆ. 400 ಗಜದಲ್ಲಿ ತಪ್ಪಿಗಿರುವ ಅವಕಾಶ ಮಾರ್ಟಿನಿಯ ಎರಡರಷ್ಟು. ಹೊಗೆಯೂ ಇಲ್ಲ.

ಮುಂದೆ ಮಾರ್ಟಿನಿಗಿಂತ ಹಿಂದಿನ ಕೋವಿ ಸ್ನೈಡರ್. 1880ರ ಮೈವಂದ್ ಕಾಳಗದಲ್ಲಿ ಬ್ರಿಟಿಷ್ ಸೈನಿಕರಿಗೆ ಮಾರ್ಟಿನಿ, ಅವರ ಪಕ್ಕದಲ್ಲೇ ನಿಂತ ಬಾಂಬೆ ಪಡೆಯ ಭಾರತೀಯ ಸಿಪಾಯಿಗಳಿಗೆ ಹಳೆಯ ಸ್ನೈಡರ್. 1857ರ ನಂತರ ಒಂದು ತಲೆಮಾರು ಹಿಂದಿನ ಕೋವಿಯನ್ನೇ ನಮ್ಮವರಿಗೆ ಕೊಡುತ್ತಿದ್ದರು. ಆ ವ್ಯತ್ಯಾಸ ಎಷ್ಟು ಗಜದ್ದು ಅಂತ ಅಳೆಯಬೇಕು. ದಪ್ಪ ಗುಂಡಿಗೆ ಗಾಳಿಯ ತಡೆಯ ಅಂಕಿ ಹೊಂದಿಸುತ್ತಾ ಕೂತಿದ್ದೇನೆ.