ಜಿನ್ನಿಯಾ ಬೀಜ ಬಿಡಿಸಿದ ಭಾನುವಾರ

ಮೈಸೂರು, 20 ಅಕ್ಟೋಬರ್ 2024

ದಸರಾ ಮುಗಿಯುವಷ್ಟರಲ್ಲಿ ಜಿನ್ನಿಯಾ ಗಿಡಗಳೂ ಸುಸ್ತಾಗಿವೆ. ಕೆಳಗಿನ ಎಲೆಗಳಿಗೆಲ್ಲ ಬೂದಿ ರೋಗ, ಕಾಂಡದ ಬುಡ ಬೋಳು. ಔಷಧಿ ಹೊಡೆಯುವ ಮನಸ್ಸಿಲ್ಲ. ಒಂದೇ ಸೀಸನ್ನಿನ ಗಿಡ, ಕೊಡುವಷ್ಟು ಹೂ ಕೊಟ್ಟಾಗಿದೆ. ಇನ್ನು ಬೇಕಿರುವುದು ಬೀಜ.

ಅದಕ್ಕೆಂದೇ ಕೆಲವು ಹೂಗಳನ್ನು ಕೀಳದೆ ಗಿಡದಲ್ಲೇ ಒಣಗಲು ಬಿಟ್ಟಿದ್ದೆ. ಹೂ ಒಣಗಿದರೆ ಸಾಲದು, ತೊಟ್ಟೂ ಕಂದಾಗಬೇಕು. ತೊಟ್ಟು ಹಸಿರಿರುವಾಗಲೇ ಕಿತ್ತರೆ ಬೀಜ ಬಲಿತಿರುವುದಿಲ್ಲ. ತಿಂಡಿ ಮುಗಿಸಿ, ಪೇಪರ್ ಹಾಸಿಕೊಂಡು ಕೂತೆ. ಒಣ ಎಸಳನ್ನು ಎಳೆದರೆ ಬುಡಕ್ಕೆ ಅಂಟಿಕೊಂಡೇ ಒಂದು ಬೀಜ ಬರುತ್ತದೆ. ಬೂದುಗಂದು ಬಣ್ಣ, ಬಾಣದ ಮೊನೆಯ ಆಕಾರ. ನಡುವಿನ ದಿಂಡಿನಲ್ಲೂ ಬೀಜವಿರುತ್ತದೆ. ಅವು ಚಪ್ಪಟೆ, ತುದಿಯಲ್ಲಿ ಸಣ್ಣ ಕಚ್ಚು. ಉಗುರಿನಿಂದ ಒತ್ತಿದರೆ ಮಡಚಿಕೊಳ್ಳುವುದು ಜೊಳ್ಳು. ಜೊಳ್ಳೇ ಜಾಸ್ತಿ.

ಅತ್ತೆ ಕಾಫಿ ಲೋಟ ಹಿಡಿದು ಬಂದು ನೋಡಿದರು. "ಮುಡಿಯೋಕೂ ಆಗಲ್ಲ, ದೇವರಿಗೂ ಇಡಲ್ಲ, ವಾಸನೆಯಂತೂ ಇಲ್ವೇ ಇಲ್ಲ. ಆ ಜಾಗದಲ್ಲಿ ಸೇವಂತಿಗೆ ಹಾಕಿದ್ರೆ ಆಗ್ತಿತ್ತಲ್ವಾ?"

"ಚಿಟ್ಟೆ ಬರುತ್ತಲ್ಲ ಅತ್ತೆ" ಅಂದೆ.

"ಚಿಟ್ಟೇನ ಮುಡ್ಕೋತೀಯಾ?" ಅಂದರು. ಹಾಗಂದವರೇ ಎದುರಿಗೆ ಕೂತು ಬಿಡಿಸತೊಡಗಿದರು. ಅವರ ಕೈ ನನಗಿಂತ ಚುರುಕು.

ಅಂಗಡಿಯ ಪ್ಯಾಕೆಟ್ಟಿನಿಂದ ಬೆಳೆದ ಹೂಗಳು ದುಂಡಗೆ, ಎಸಳಿನ ಮೇಲೆ ಎಸಳು. ಅವುಗಳ ಬೀಜ ಹಾಕಿದಾಗ ಎಷ್ಟೋ ಗಿಡಗಳಲ್ಲಿ ಒಂದೇ ಸುತ್ತಿನ ಹೂ ಬಂತು. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಇಂಥವನ್ನು ಯಾರು ತಂದಿಡುತ್ತಾರೆ! ನನಗೆ ಮಾತ್ರ ಇವೇ ಇಷ್ಟ. ಹತ್ತಿರದಿಂದ ನೋಡಿದರೆ ನಡುವಿನ ದಿಂಡಿನ ಸುತ್ತ ಚಿಕ್ಕ ಚಿಕ್ಕ ಹಳದಿ ನಕ್ಷತ್ರಗಳು, ಐದೈದು ಮೂಲೆಯವು. ಒಂದೊಂದೂ ಬೇರೆ ಹೂವೇ. ಹೊರಗಿನಿಂದ ಒಳಕ್ಕೆ, ಸುತ್ತು ಸುತ್ತಾಗಿ ಅರಳುತ್ತವೆ. ಚಿಟ್ಟೆಗೆ ಮಕರಂದ ಸಿಗುವುದು ಅಲ್ಲೇ. ಎಸಳು ತುಂಬಿಕೊಂಡ ಹೂವಿನಲ್ಲಿ ಈ ನಕ್ಷತ್ರಗಳೇ ಕಡಿಮೆ. ನಮ್ಮ ಕರಿಬೇವಿನ ಗಿಡಕ್ಕೆ ಮೊಟ್ಟೆಯಿಡಲು ಬರುವ ಕಪ್ಪು-ಹಳದಿ ಚಿಟ್ಟೆ ದಿಂಡಿನ ಮೇಲೆ ಕೂತು, ಸೊಂಡಿಲು ಊರಿ, ಒಂದು ಸುತ್ತು ಪೂರ್ತಿ ತಿರುಗಿಯೇ ಏಳುತ್ತದೆ.

ಒಂದು ಹಿಡಿ ಬೀಜ ಇವತ್ತೇ ಹಾಕಿದೆ, ಕಾಂಪೌಂಡ್ ಪಕ್ಕ, ದಿನವಿಡೀ ಬಿಸಿಲು ಬೀಳುವ ಕಡೆ. ಮೂಲ ಮೆಕ್ಸಿಕೊದ್ದು, ಬಿಸಿಲು ಬೇಕೇ ಬೇಕು. ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಬೀಜದ ಮೇಲೆ ಅರ್ಧ ಸೆಂಟಿಮೀಟರ್ ಮಣ್ಣು, ಅಷ್ಟೇ. ಬೇರು ಕದಲಿಸಿದರೆ ಈ ಗಿಡಕ್ಕೆ ಆಗಿಬರುವುದಿಲ್ಲ, ಅದಕ್ಕೇ ಟ್ರೇ ಗೊಡವೆ ಬೇಡ ಅಂತ ನೇರ ನೆಲಕ್ಕೇ ಹಾಕುತ್ತೇನೆ. ವಾರದೊಳಗೆ ಮೊಳಕೆ. ಮೂರ್ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿದರೆ ಕವಲು ಚೆನ್ನಾಗಿ ಒಡೆಯುತ್ತದೆ. ಸಂಕ್ರಾಂತಿ ಹೊತ್ತಿಗೆ ಹೂ.

ಈ ಸಲ ಗಿಡದಿಂದ ಗಿಡಕ್ಕೆ ಒಂದು ಗೇಣಿಗಿಂತ ಜಾಸ್ತಿಯೇ ಜಾಗ ಬಿಡುತ್ತೇನೆ, ನಡುವೆ ಗಾಳಿ ಆಡಲಿ. ಬಾಹ್ಯಾಕಾಶ ನಿಲ್ದಾಣದಲ್ಲಿ 2016ರ ಜನವರಿಯಲ್ಲಿ ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲ್ಲಿ ಅರಳಿಸಿದ್ದೂ ಜಿನ್ನಿಯಾವನ್ನೇ. ಅಲ್ಲೂ ತೇವ ಜಾಸ್ತಿಯಾಗಿ ಎಲೆಗೆ ಬೂಷ್ಟು ಹಿಡಿದು, ಫ್ಯಾನ್ ಜೋರು ಮಾಡಬೇಕಾಯಿತು. ನಮ್ಮ ಅಂಗಳಕ್ಕೆ ಚಾಮುಂಡಿ ಬೆಟ್ಟದ ಕಡೆಯಿಂದ ಬರುವ ಗಾಳಿ ಪುಕ್ಕಟೆ.

ಸಂಜೆ ಪಕ್ಕದ ಮನೆ ಆಂಟಿ ಬೀಜ ಕೇಳಿಕೊಂಡು ಬಂದರು. ಕೆಂಪು ಹೂವಿನದೇ ಬೇಕಂತೆ. ಕೆಂಪಿನದನ್ನೇ ಆರಿಸಿ ಪೊಟ್ಟಣ ಕಟ್ಟಿಕೊಟ್ಟೆ. "ಪಕ್ಕದಲ್ಲೇ ಗುಲಾಬಿ ಬಣ್ಣದ್ದೂ ಇತ್ತು ಆಂಟಿ, ಚಿಟ್ಟೆ ಎರಡಕ್ಕೂ ಕೂತಿದೆ. ಬಣ್ಣಕ್ಕೆ ನಾನು ಜವಾಬ್ದಾರಿ ಅಲ್ಲ" ಅಂದೆ. "ಯಾವುದಾದ್ರೂ ಬರ್ಲಿ, ಬಂದ್ರೆ ಸಾಕು" ಅಂತ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಹೋದರು.