ಬರ್ಲಿನ್ನಿನ ಲೋಲಕ ಬೆಂಗಳೂರಿನಲ್ಲಿ ಯಾಕೆ ನಿಧಾನ?

ಎರಡು ದೇಶಗಳ ಸ್ನೇಹಕ್ಕೆಂದು ವಿಜ್ಞಾನ ಪ್ರದರ್ಶನ ಕಳಿಸುವಾಗ ಎಲ್ಲರೂ ಉದ್ಘಾಟನೆಗೆ ಯಾರು ಬರುತ್ತಾರೆಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು, ವಸ್ತು ಹೋಗುವ ಊರಿನ ಅಕ್ಷಾಂಶ ಎಷ್ಟು ಅಂತ.

ಫುಕೋ ಲೋಲಕವನ್ನೇ ನೋಡಿ. ಉದ್ದದ ತಂತಿಗೆ ನೇತುಬಿದ್ದು ತೂಗುವ ಭಾರದ ಗುಂಡು ಅದು; ತೂಗಾಟದ ದಿಕ್ಕು ಮೆಲ್ಲಗೆ ತಿರುಗುತ್ತಾ ಸುತ್ತ ನಿಲ್ಲಿಸಿದ ಗೂಟಗಳನ್ನು ಒಂದೊಂದಾಗಿ ಬೀಳಿಸಿ, ಭೂಮಿ ತಿರುಗುವುದನ್ನು ಕಣ್ಣಿಗೆ ಕಾಣಿಸುತ್ತದೆ. ಅದರ ತೂಗಾಟದ ದಿಕ್ಕು ಬರ್ಲಿನ್ನಿನಲ್ಲಿ ಗಂಟೆಗೆ ಸುಮಾರು 12 ಡಿಗ್ರಿ ತಿರುಗಿದರೆ, 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಬರೀ 3.4 ಡಿಗ್ರಿ. ಅಲ್ಲಿ ಗಂಟೆಗೊಂದರಂತೆ ಬೀಳಲೆಂದು ಜೋಡಿಸಿದ ಗೂಟಗಳು ಇಲ್ಲಿ ಮೂರೂವರೆ ಗಂಟೆಗೊಂದು ಬೀಳುತ್ತವೆ. ಶಾಲಾ ಮಕ್ಕಳು ಅಷ್ಟು ಹೊತ್ತು ನಿಲ್ಲುತ್ತಾರೆಯೇ? ಗೂಟಗಳನ್ನು 3.4 ಡಿಗ್ರಿಗೊಂದರಂತೆ ಒತ್ತಾಗಿಡಿ, ಫಲಕದ ಅಂಕಿಯನ್ನೂ ತಿದ್ದಿ. ಭೂಮಧ್ಯರೇಖೆಯ ದಕ್ಷಿಣಕ್ಕೆ ಹೋದರೆ ಬಾಣದ ಗುರುತೂ ತಿರುವುಮುರುವಾಗಬೇಕು. ನೆರಳು ಗಡಿಯಾರಕ್ಕೂ ಇದೇ ತಾಪತ್ರಯ. ಲೆಕ್ಕ ತಪ್ಪಿದ ಫಲಕ ಆತಿಥೇಯರ ಮುಂದೆ ಮರ್ಯಾದೆ ಕಳೆಯುತ್ತದೆ.

ಅಕ್ಷಾಂಶವಾದ ಮೇಲೆ ವಿದ್ಯುತ್ತು ನೋಡಿ. ಅಮೆರಿಕದಿಂದ ಬಂದ ಪ್ರದರ್ಶನದ ಮೋಟಾರಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಜ್, ಅಂದರೆ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ, ಸರಿಹೋಗುವುದಿಲ್ಲ. ಅಲ್ಲಿಯ 60 ಹರ್ಟ್ಜ್‌ಗೆ ನಿಮಿಷಕ್ಕೆ 1800 ಸುತ್ತು ತಿರುಗುವ ಸಿಂಕ್ರೊನಸ್ ಮೋಟಾರ್ (ಹರ್ಟ್ಜ್‌ಗೆ ತಕ್ಕಂತೆಯೇ ತಿರುಗುವಂಥದು) ನಮ್ಮ 50ರಲ್ಲಿ 1500ಕ್ಕೆ ಇಳಿಯುತ್ತದೆ. ಫ್ರೀಕ್ವೆನ್ಸಿ ಕನ್ವರ್ಟರ್ ಬೇಕು, ಇಲ್ಲವೇ ಇಲ್ಲಿಯ ಮೋಟಾರನ್ನೇ ಕೂರಿಸಿ.

ವಿವರಿಸುವವರು ಸ್ಥಳೀಯರೇ ಆಗಲಿ. 2007ರ ಅಕ್ಟೋಬರ್ 30ರಂದು ಮನಮೋಹನ್ ಸಿಂಗ್ ಮತ್ತು ಆಗಿನ ಜರ್ಮನ್ ಚಾನ್ಸಲರ್ ಆಂಗೆಲಾ ಮರ್ಕೆಲ್ ದೆಹಲಿಯಲ್ಲಿ ಹಸಿರು ನಿಶಾನೆ ತೋರಿದ ಸೈನ್ಸ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಪ್ರದರ್ಶನದ ಸಾಮಗ್ರಿ ಜರ್ಮನಿಯ ಸಂಶೋಧನಾ ಸಂಸ್ಥೆ ಮ್ಯಾಕ್ಸ್ ಪ್ಲಾಂಕ್ ಸೊಸೈಟಿಯದು, ಬೋಗಿಗಳಲ್ಲಿ ನಿಂತು ವಿವರಿಸಿದವರು ನಮ್ಮ ಹುಡುಗ ಹುಡುಗಿಯರು. ಮಕ್ಕಳು ಕೈಯಾರೆ ಪ್ರಯೋಗ ಮಾಡಲೂ ಅದರಲ್ಲಿ ಜಾಗವಿತ್ತು. ನನ್ನ ಮಟ್ಟಿಗೆ ಆ ರೈಲಿನ ರಾಜತಾಂತ್ರಿಕತೆ ನಡೆದದ್ದು ಅಲ್ಲೇ.

ಇನ್ನು ಕಾಗದಪತ್ರ. ತಾತ್ಕಾಲಿಕವಾಗಿ ಒಯ್ಯುವ ವಸ್ತುಗಳಿಗೆ ಎಟಿಎ ಕಾರ್ನೆ ಬೇಕು; ಸುಂಕ ಕಟ್ಟದೆ ಸಾಮಾನು ಒಯ್ದು ವಾಪಸು ತರಲು ಬಿಡುವ ಕಸ್ಟಮ್ಸ್ ದಾಖಲೆ ಅದು. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯ ಮತ್ತು ಕೈಗಾರಿಕೆಗಳ ಒಕ್ಕೂಟವಾದ ಫಿಕ್ಕಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಒಮ್ಮೆ ಕಾರ್ನೆ ಕೈಸೇರಿದ ಮೇಲೆ ಅದರ ಸಾಮಾನು ಪಟ್ಟಿಗೆ ಹೊಸ ಸಾಮಾನು ಸೇರಿಸುವಂತಿಲ್ಲ. ಬಿಡಿಭಾಗಗಳನ್ನೂ ಮೊದಲೇ ಬರೆದಿಡಿ. ಹಂಚುವ ಕರಪತ್ರ, ಪ್ರಯೋಗದಲ್ಲಿ ಖರ್ಚಾಗುವ ರಾಸಾಯನಿಕ ಇದರಡಿ ಬರುವುದಿಲ್ಲ. ಅವನ್ನು ಅಲ್ಲೇ ಕೊಳ್ಳುವುದು ಸುಲಭ. ಮರದ ಹಲಗೆಯ ಪೆಟ್ಟಿಗೆಯಾದರೆ, ಒಳಗಿನ ಕೀಟ ಸಾಯಲೆಂದು ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾದಿರಬೇಕು, ಮೇಲೆ ಅದರ ಮುದ್ರೆ ಇರಬೇಕು. ಪ್ಲೈವುಡ್ ಪೆಟ್ಟಿಗೆಗೆ ಈ ಗೋಜಿಲ್ಲ. ವಾಪಸು ಹೊರಡುವಾಗ ಕಾರ್ನೆಯ ಬಿಳಿ ಹಾಳೆಗೆ ಅಲ್ಲಿಯ ಕಸ್ಟಮ್ಸ್ ಮುದ್ರೆ ಬಿದ್ದಿದೆಯೇ ಅಂತ ಕಣ್ಣಾರೆ ನೋಡಿ. ಬೀಳದಿದ್ದರೆ ಸಾಮಾನು ಊರು ಸೇರಿ ತಿಂಗಳುಗಳಾದ ಮೇಲೂ ಸುಂಕ ಕಟ್ಟಿ ಎನ್ನುವ ನೋಟಿಸು ಬರಬಹುದು.