ಕೂಸಿನ ಎದೆ ಗೊರಗೊರ ಅಂದರೆ ಬೆಳಗಿನ ತನಕ ಕಾಯಬಹುದಾ?

"ಸಿಸ್ಟರ್, ಕೂಸಿನ ಎದಿ ಗೊರಗೊರ ಅಂತೈತ್ರಿ. ಈಗ್ಲೇ ಕರ್ಕಂಡ್ ಬರ್ಬೇಕಾ, ಬೆಳಿಗ್ಗೆ ತಂದ್ರೆ ನಡೀತೈತಾ?"

ದಾವಣಗೆರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್ ಅಂದಮೇಲೆ ಈ ಪ್ರಶ್ನೆ ತಪ್ಪಿದ್ದಲ್ಲ. ಓಣಿಯವರು ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಕೇಳುತ್ತಾರೆ, ಜಗಳೂರು ಕಡೆಯ ನೆಂಟರು ರಾತ್ರಿ ಹೊತ್ತಿನಲ್ಲಿ ಫೋನ್ ಮಾಡಿ ಕೇಳುತ್ತಾರೆ. ಫೋನಿನಲ್ಲಿ ಅವಸರದಲ್ಲಿ ಹೇಳುವುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಗೊರಗೊರ ಸದ್ದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಸ್ವೆಟರ್, ಅಂಗಿ ಎಲ್ಲ ಬಿಚ್ಚಿ, ಲೈಟ್ ಹಾಕಿ, ಕೂಸಿನ ಎದೆ ಮತ್ತು ಹೊಟ್ಟೆ ಎರಡೂ ಕಾಣುವ ಹಾಗೆ ತಾಯಿಯ ತೊಡೆಯ ಮೇಲೆ ಮಲಗಿಸಿ ಪೂರ್ತಿ ಒಂದು ನಿಮಿಷ ನೋಡಿ. ಕಾಯಬಹುದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಎಳೆಗೂಸು ಮೊದಲ ಕೆಲವು ತಿಂಗಳು ಬಹುಪಾಲು ಮೂಗಿನಿಂದಲೇ ಉಸಿರಾಡುತ್ತದೆ. ಮೂಗಿನಲ್ಲಿ ಒಂಚೂರು ಸಿಂಬಳ ಕಟ್ಟಿದರೂ ಸದ್ದು ಪಡಸಾಲೆಯವರೆಗೆ ಕೇಳುತ್ತದೆ, ಬೆನ್ನ ಮೇಲೆ ಕೈಯಿಟ್ಟರೆ ಕೈಗೂ ತಗಲುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ, ಮೂಗಿಗೆ ಹಾಕುವ ಸಲೈನ್ (ಉಪ್ಪುನೀರಿನ) ಹನಿ ಎರಡು ಬಿಟ್ಟು, ಹತ್ತು ನಿಮಿಷ ತಡೆದು ಮೂಗು ಒರೆಸಿ ಹಾಲಿಗೆ ಹಾಕಿ. ಎರಡು ತಿಂಗಳು ದಾಟಿದ ಮಗು ಎಂದಿನಂತೆ ಹಾಲು ಕುಡಿದು, ಮುಖ ನೋಡಿ ನಕ್ಕು, ಉಸಿರು ಸಲೀಸಾಗಿದ್ದರೆ ಆ ಗೊರಗೊರಕ್ಕೆ ರಾತ್ರೋರಾತ್ರಿ ಓಡಬೇಕಿಲ್ಲ. ಸದ್ದೇ ಇಲ್ಲದೆ ಕಷ್ಟಪಡುವ ಮಗುವಿನ ಬಗ್ಗೆ ನನಗೆ ಹೆಚ್ಚು ಭಯ.

ಮೊದಲು ಎಣಿಕೆ. ಮೊಬೈಲಿನಲ್ಲಿ 1 ನಿಮಿಷದ ಟೈಮರ್ ಇಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. 2 ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ತಿಂಗಳಿಂದ 1 ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಇದು ಗೊತ್ತು, ಅವರನ್ನೇ ಕರೆದು ಎಣಿಸಿ ಅಂತಲೂ ಕೇಳಬಹುದು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದೂ ಬೇಡ, ಏಕೆಂದರೆ ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ನಾಲ್ಕಾರು ಸಲ ಬೇಗಬೇಗ ಎಳೆದು, ಐದಾರು ಸೆಕೆಂಡ್ ಸುಮ್ಮನಿದ್ದು, ಮತ್ತೆ ಶುರು ಮಾಡುತ್ತದೆ. ಅಷ್ಟು ಬಿಡುವು ಸಹಜ. 20 ಸೆಕೆಂಡ್ ಉಸಿರೇ ಕಾಣದಿದ್ದರೆ, ಅಥವಾ ಅಷ್ಟರೊಳಗೇ ಬಾಯಿ ನೀಲಿಗಟ್ಟಿ ಕೈಕಾಲು ಜೋತುಬಿದ್ದರೆ ಅದು ಸಹಜವಲ್ಲ. ಜ್ವರ ಬಂದರೂ ಉಸಿರು ಏರುತ್ತದೆ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆದರೆ 2 ತಿಂಗಳೊಳಗಿನ ಕೂಸಿಗೆ ಜ್ವರ ಬಂದಿದ್ದರೆ ಎಣಿಸುತ್ತ ಕೂರುವುದೇ ಬೇಡ, ಕರೆದುಕೊಂಡು ಬನ್ನಿ.

ಎಣಿಕೆಗಿಂತ ಮುಖ್ಯವಾದದ್ದು ಪಕ್ಕೆ. ಉಸಿರು ಒಳಕ್ಕೆ ತೆಗೆದುಕೊಂಡಾಗ ಎದೆ, ಹೊಟ್ಟೆ ಎರಡೂ ಮೇಲೆ ಬರಬೇಕು. ಹೊಟ್ಟೆ ಉಬ್ಬುವ ಅದೇ ಗಳಿಗೆಗೆ ಎದೆಯ ಕೆಳತುದಿ, ಅಂದರೆ ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗ, ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದರೆ ಅದೇ ಪಕ್ಕೆ ಸೆಳೆತ. ನಮ್ಮ ಕಡೆ "ಪಕ್ಕಿ ಹಾರ್ತಾವು" ಅನ್ನುತ್ತಾರಲ್ಲ, ಅದು. ಕೂಸಿನ ಪಕ್ಕೆಲುಬು ಇನ್ನೂ ಮೆತ್ತಗಿರುತ್ತವೆ. ಗಾಳಿ ಎಳೆಯಲು ಜೋರು ಮಾಡಿದಷ್ಟೂ ಅವೇ ಒಳಕ್ಕೆ ಬಾಗುತ್ತವೆ. ಒಂದೊಂದು ಉಸಿರಿಗೂ ಹೀಗೇ ಆಗುತ್ತಿದ್ದರೆ ಮಗು ಉಸಿರಾಡುವುದಕ್ಕೇ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಿದೆ. ಕತ್ತಿನ ಕೆಳಗಿನ ಕುಳಿ ಒಳಹೋಗುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರಿಗೊಮ್ಮೆ ತಲೆ ತೂಗುವುದು ಇವೂ ಅದರ ಜೊತೆಯವೇ. ಪಕ್ಕೆ ಸೆಳೆಯುತ್ತಿದ್ದರೆ ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ ನನಗೆ ಬೇಡ, ಹೊರಟು ಬನ್ನಿ.

ಇನ್ನೊಂದು, ನರಳಿಕೆ. ಉಸಿರು ಬಿಡುವಾಗಲೆಲ್ಲ ಕೂಸು "ಹ್ಞ... ಹ್ಞ..." ಅಂತ ಸಣ್ಣಗೆ ನರಳುತ್ತದೆ. ಹೊಟ್ಟೆನೋವು ಅಂದುಕೊಂಡು ಗ್ರೈಪ್ ವಾಟರ್ ಕುಡಿಸುವವರು ಬಹಳ. ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಹೋಗದಿರಲಿ ಎಂದು ಮಗು ಗಂಟಲು ಅರ್ಧ ಬಿಗಿಹಿಡಿದು ಗಾಳಿ ತಡೆದಿಟ್ಟುಕೊಳ್ಳುವ ಸದ್ದದು. ಬಿಟ್ಟೂ ಬಿಟ್ಟು ಅಲ್ಲ, ಒಂದೊಂದು ಉಸಿರಿಗೂ ನರಳಿದರೆ ಗಾಬರಿಪಡಲೇಬೇಕು.

ಈಗ ನಾನು ಕೈಮುಗಿದು ಹೇಳಬೇಕೆನ್ನುವ ಮಾತು. ಸಂಜೆಯೆಲ್ಲ ಏದುಸಿರು ಬಿಟ್ಟು ಕಿರಿಕಿರಿ ಮಾಡಿದ ಮಗು ರಾತ್ರಿ ಸುಮ್ಮನಾಗುತ್ತದೆ. "ಈಗ ಆರಾಮಾಗೈತಿ, ಮಲಗೈತಿ" ಅಂತ ಮನೆಯವರಿಗೆ ಸಮಾಧಾನ. ನಿಜಕ್ಕೂ ಆರಾಮಾಗಿದ್ದರೆ ಎಬ್ಬಿಸಿದಾಗ ಕಣ್ಣು ಬಿಡುತ್ತದೆ, ಮೊಲೆ ಹಿಡಿದು ಚೀಪುತ್ತದೆ, ಪಕ್ಕೆ ಸೆಳೆತ ನಿಂತಿರುತ್ತದೆ. ಎಬ್ಬಿಸಿದರೂ ಜೋಲುತ್ತಿದ್ದರೆ, ಎರಡು ಗುಟುಕಿಗೇ ಬಿಟ್ಟರೆ, ಕುಡಿದಿದ್ದೆಲ್ಲ ಕಾರಿಕೊಂಡರೆ, ಅದು ದಣಿದು ಸೋಲುತ್ತಿರುವ ಮಗು. ಎದೆ ಮುಂಚಿನಷ್ಟು ಹಾರದಿರುವುದೂ ಸುಸ್ತಿನಿಂದಲೇ. ಬಣ್ಣ ನೋಡುವುದಾದರೆ ನಾಲಿಗೆ ನೋಡಿ, ತುಟಿಯ ಒಳಭಾಗ ನೋಡಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ನೀಲಿ ಬೇಗ ಕಾಣುವುದಿಲ್ಲ. ಹಸಿಗೂಸಿನ ಅಂಗೈ ಅಂಗಾಲು ಚಳಿಗೂ ನೀಲಿಗಟ್ಟುತ್ತವೆ, ನಾಲಿಗೆ ಹಾಗಲ್ಲ. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಈ ಪುಟ್ಟ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಅದು 98 ತೋರಿಸಿತು ಅಂತ ಸೆಳೆಯುವ ಪಕ್ಕೆಯನ್ನು ಕಡೆಗಣಿಸಬೇಡಿ.

ಇಷ್ಟು ಬೇಗ ಕೆಡುವುದೇಕೆ ಅಂತ ಅಪ್ಪಂದಿರು ಕೇಳುತ್ತಾರೆ. 4 ಮಿಲಿಮೀಟರ್ ಅಗಲದ ಉಸಿರುನಾಳ ಸುತ್ತಲೂ ಬರೀ 1 ಮಿಲಿಮೀಟರ್ ಬಾತರೆ ನಾಲ್ಕರಲ್ಲಿ ಮೂರು ಪಾಲು ದಾರಿ ಮುಚ್ಚಿಹೋಗುತ್ತದೆ. ದೊಡ್ಡವರಿಗೆ ನೆಗಡಿ ಆಗಿ ಹೋಗುವ ಅದೇ ವೈರಸ್ ಆರು ತಿಂಗಳ ಕೂಸನ್ನು ಆಕ್ಸಿಜನ್‌ಗೆ ಹಾಕಿಸುವುದು ಇದಕ್ಕೇ. ಶ್ವಾಸಕೋಶದ ಸಣ್ಣ ನಾಳಗಳು ಹೀಗೆ ಬಾತುಕೊಳ್ಳುವುದಕ್ಕೆ ಬ್ರಾಂಕಿಯೋಲೈಟಿಸ್ ಅನ್ನುತ್ತೇವೆ. ಸಾಮಾನ್ಯವಾಗಿ 3ರಿಂದ 5ನೇ ದಿನಕ್ಕೆ ಜೋರಾಗುತ್ತದೆ. ಮೊದಲ ದಿನ ಡಾಕ್ಟರು ಏನಿಲ್ಲ ಅಂದಿದ್ದರೂ ನಾಲ್ಕನೇ ದಿನ ಮತ್ತೆ ಅಂಗಿ ಬಿಚ್ಚಿ ನೋಡಿ.

ನೆಗಡಿ, ಜ್ವರ ಏನೂ ಇಲ್ಲದೆ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಕಣ್ಣು ಮೇಲೆ ಮಾಡಿದರೆ ಲೆಕ್ಕವೇ ಬೇರೆ. ಚಳ್ಳಕೆರೆ ಶೇಂಗಾದ ನಾಡು, ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ಇಲ್ಲದ ಸಂಜೆಯಿಲ್ಲ. ಆ ಮಂಡಕ್ಕಿಯೊಳಗಿನ ಶೇಂಗಾ, ಹುರಿಗಡಲೆ ಮಗುವಿನ ಉಸಿರುನಾಳಕ್ಕೆ ಜಾರುತ್ತವೆ. ದವಡೆ ಹಲ್ಲು ಬಂದು ಅಗಿಯಲು ಕಲಿಯುವ ತನಕ, ಸುಮಾರು ನಾಲ್ಕು ವರ್ಷದವರೆಗೆ, ಇಡೀ ಶೇಂಗಾ ಕೈಗೆ ಕೊಡಲೇಬೇಡಿ. ಸಿಕ್ಕಿಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಇಲ್ಲ, ದನಿಯೂ ಇಲ್ಲ ಅಂದರೆ ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ಹಿಡಿದು, ರೆಕ್ಕೆಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಏಟು ಕೊಡಿ. ತಿರುಗಿಸಿ ಎದೆಯ ನಡುಮೂಳೆಯ ಮೇಲೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತಿ. ವರ್ಷ ದಾಟಿದ ಮಗುವಿಗೆ ಬೆನ್ನಿಗೆ 5 ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಹೊರಬರುವ ತನಕ ಇದನ್ನೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಹೋಗುತ್ತದೆ. ಕೆಮ್ಮಿ ಸರಿಹೋಯಿತು ಅಂದರೂ ತೋರಿಸಿ, ಕಾಳು ಒಂದು ಕಡೆಯ ನಾಳದಲ್ಲಿ ಕೂತು ವಾರಗಟ್ಟಲೆ ಕೆಮ್ಮಿಸಬಹುದು.

ಮನೆಮದ್ದಿನ ಬಗ್ಗೆ ಅಜ್ಜಿಯರು ಬೇಸರ ಮಾಡಿಕೊಳ್ಳಬಾರದು. ಮೂಗಿಗೆ, ಗಂಟಲಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆ ಬಾತಿರುವ ನಾಳವನ್ನು ಇನ್ನೂ ಕೆಣಕುತ್ತದೆ. ವರ್ಷದೊಳಗೆ ಜೇನು ಬೇಡ. ಕರ್ಪೂರ ಇರುವ ಮುಲಾಮು 2 ವರ್ಷದ ತನಕ ಬೇಡ. ಹೊಟ್ಟೆಗೆ ಬರೆ ಹಾಕಿಸುವುದು ಕೆಲವು ಕಡೆ ಇನ್ನೂ ಇದೆ, ಅದನ್ನು ಇವತ್ತೇ ನಿಲ್ಲಿಸಬೇಕು. ಕೆಮ್ಮಿನ ಸಿರಪ್ಪೂ ಅಷ್ಟೇ. 2 ವರ್ಷದೊಳಗಿನವರಿಗೆ ಕೊಡಬಾರದು, 5ರೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರವೇ 2025ರ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚನೆ ಕಳಿಸಿದೆ.

ಹಾಗಾದರೆ ಕಾಯಲೇಬಾರದ ಮಕ್ಕಳು ಯಾರು? 2 ತಿಂಗಳು ತುಂಬದವರು, ದಿನ ತುಂಬುವ ಮೊದಲೇ ಹುಟ್ಟಿದವರು, ಹೃದಯದ ತೊಂದರೆ ಇರುವವರು. ಇವರಲ್ಲಿ ಉಸಿರಿನ ಬಗ್ಗೆ ಅನುಮಾನ ಬಂದರೂ ಸಾಕು. ಯಾವ ವಯಸ್ಸಿನ ಮಗುವೇ ಆಗಲಿ ಪಕ್ಕೆ ಸೆಳೆತ, ನರಳಿಕೆ, ಹಾಲು ಬಿಟ್ಟಿದ್ದು, ನೀಲಿ ನಾಲಿಗೆ, ಫಿಟ್ಸ್, ಅಳದೆ ಸುಮ್ಮನಿದ್ದಾಗಲೂ ಉಸಿರೆಳೆದರೆ ಕರ್ಕಶ ಸದ್ದು, ಇವುಗಳಲ್ಲಿ ಒಂದಿದ್ದರೂ ರಾತ್ರಿಯೇ ಹೊರಡಿ. ವೇಗದ ಉಸಿರು ಮಾತ್ರ ಇದ್ದರೂ ಅದೇ ದಿನ ಡಾಕ್ಟರು ನೋಡಬೇಕು. ಜಗಳೂರು, ಮೊಳಕಾಲ್ಮೂರು ಕಡೆಯವರು ನೇರ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಬರುತ್ತೇವೆಂದು ಬಾಡಿಗೆ ಕಾರು ಹುಡುಕುತ್ತ ಹೊತ್ತು ಕಳೆಯಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಇರುತ್ತದೆ, 108ರಲ್ಲೂ ಇರುತ್ತದೆ. ದಾರಿಯಲ್ಲಿ ಮಗುವನ್ನು ಕಂಬಳಿಯಲ್ಲಿ ಮುಖ ಮುಚ್ಚುವಂತೆ ಸುತ್ತಬೇಡಿ, ತಲೆ, ಎದೆ ಎರಡೂ ಎತ್ತರದಲ್ಲಿರುವಂತೆ ಎತ್ತಿಕೊಳ್ಳಿ, ಏದುಸಿರಿನಲ್ಲಿ ಬಾಯಿಗೆ ಏನೂ ಹಾಕಬೇಡಿ. ಸಾಧ್ಯವಾದರೆ ಬಿಚ್ಚಿದ ಎದೆಯನ್ನು ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಿ. ಬರುವಷ್ಟರಲ್ಲಿ ಮಗು ಅಳಲು ಶುರು ಮಾಡಿರುತ್ತದೆ, ಆಗ ನಮಗೆ ಆ ವಿಡಿಯೋ ಬಹಳ ಸಹಾಯ. ತಾಯಿ ಕಾರ್ಡ್ ಮರೆಯಬೇಡಿ. 6ನೇ ವಾರ, 14ನೇ ವಾರ, 9ನೇ ತಿಂಗಳಿನ ನ್ಯುಮೋನಿಯಾ ಲಸಿಕೆ ಆಗಿದೆಯೋ ಇಲ್ಲವೋ ಡಾಕ್ಟರು ಅದರಲ್ಲಿ ನೋಡುತ್ತಾರೆ.